ಬಾಂಬಿ ಬಕೆಟ್ಟು, ಹಸಿ ಸೊಪ್ಪು, ಮತ್ತೆ ನಮ್ಮ ಮುಖಪುಟ

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ ಅಂತಾರಲ್ಲ, ನಮ್ಮ ಮೈಸೂರು ಕಡೆ ಪೇಪರ್ ಫೋಟೋಗ್ರಾಫರ್‌ಗಳಿಗೆ ಆ ಹೊತ್ತಿಗೆ ಸರಿಯಾಗಿ ಇನ್ನೊಂದು ಕೆಲಸ ಹತ್ಕೊಳುತ್ತೆ, ಕಾಡಿನ ಬೆಂಕಿ. ಚಾಮುಂಡಿ ಬೆಟ್ಟದ ಹುಲ್ಲು ಒಣಗಿ ಬೆಳ್ಳಗಾಗಿದ್ದು ಕಂಡ್ರೆ ಸಾಕು, ಬಂಡೀಪುರ ಕಡೆ ಏನಾಗ್ತಿದೆ, ನಾಗರಹೊಳೆ ಕಡೆ ಹೊಗೆ ಇದೆಯಾ ಅಂತ ಫೋನ್ ಬರಕ್ಕೆ ಶುರು. ಆಫೀಸಲ್ಲಿ ಪುಟ ಮಾಡೋ ಡೆಸ್ಕಿನವರ ಪ್ರಶ್ನೆ ಮಾತ್ರ ಪ್ರತಿ ವರ್ಷ ಒಂದೇ, ಹೆಲಿಕಾಪ್ಟರ್ ಬರುತ್ತಾ? ಬೆಂಕಿ ಆರಿಸ್ತಾ ಇರೋರ ಫೋಟೋ ಬೇಕು ಅಂತ ಯಾರೂ ಮೊದಲು ಕೇಳಲ್ಲ, ಕೇಳಿದ್ರೂ ಅದು ಕೊನೇ ಮಾತು, ಫೋನ್ ಇಡೋ ಮುಂಚೆ ‘ಹಾಂ, ಜನರದ್ದೂ ಒಂದೆರಡು ಹಾಕ್ಬಿಡಿ’ ಅಂತ.

ಮೊನ್ನೆ ಮಂಡ್ಯದ ಒಬ್ಬ ಹುಡುಗ, ಈಗಷ್ಟೇ ಪೇಪರಿಗೆ ಸೇರಿರೋನು, ಫೋನ್ ಮಾಡಿ ‘ಅಣ್ಣ, ಕಾಡ್ ಬೆಂಕಿ ತೆಗಿಯಕ್ಕೆ ಯಾವ ಲೆನ್ಸ್ ತಗಳ್ಲಿ’ ಅಂದ. ಲೆನ್ಸ್ ಆಮೇಲ್ ನೋಡಣ, ಮೊದ್ಲು ಎರಡು ಕಾಟನ್ ಶರ್ಟ್ ತಗೋ ಅಂದೆ. ಅವನು ತಮಾಷೆ ಅನ್ಕೊಂಡು ನಕ್ಕ. ತಮಾಷೆ ಅಲ್ಲ, ಪಾಲಿಯೆಸ್ಟರ್ ಬಟ್ಟೆ ಕಿಡಿ ಬಿದ್ರೆ ಉರಿಯೋದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟ್ಕೊಳುತ್ತೆ, ಅಮೇರಿಕಾದಲ್ಲಿ ಬೆಂಕಿ ಕವರ್ ಮಾಡೋ ಫೋಟೋಗ್ರಾಫರ್‌ಗಳು ಫೈರ್ ಫೈಟರ್‌ಗಳ ಥರಾನೇ ಬೇಗ ಬೆಂಕಿ ಹತ್ತದ ಹಳದಿ ನೊಮೆಕ್ಸ್ ಬಟ್ಟೆ ಅಂಗಿ, ಹೆಲ್ಮೆಟ್, ಬೆನ್ನಿಗೆ ಒಂದು ಫೈರ್ ಶೆಲ್ಟರ್, ಅಂದ್ರೆ ಬೆಂಕಿ ಸುತ್ಕೊಂಡ್ರೆ ಮೈ ಮುಚ್ಕೊಳೋ ಹೊದಿಕೆ, ಕಟ್ಕೊಂಡು ಹೋಗ್ತಾರೆ, ನಮಗೆ ಅದೆಲ್ಲ ಯಾರು ಕೊಡ್ತಾರೆ, ದಪ್ಪ ಕಾಟನ್ನು, ಜೀನ್ಸು, ಚರ್ಮದ ಶೂ, ಒದ್ದೆ ಟವಲ್ಲು, ಅಷ್ಟೇ. ಅವನಿಗೆ ಫೋನಲ್ಲಿ ಹೇಳಕ್ಕಾಗದೆ ಉಳಿದಿದ್ದನ್ನ ಇಲ್ಲಿ ಬರೀತಿದೀನಿ.

ಈ ಭಾಗದ ಯಾವ ಫೋಟೋಗ್ರಾಫರ್ ಆದ್ರೂ ಬೆಂಕಿ ಅಂದ್ರೆ 2019ರಿಂದಾನೇ ಶುರು ಮಾಡ್ತಾನೆ. ಆ ಫೆಬ್ರವರಿ ಹೆಂಗಿತ್ತು ಅಂತ ನೆನಪಿದೆಯಾ? 14ಕ್ಕೆ ಪುಲ್ವಾಮಾ ಆಯ್ತು, ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು ಗುಡಿಗೆರೆಯ ಯೋಧ ಗುರು ಅವರ ಅಂತ್ಯಕ್ರಿಯೆಗೆ ಜನಸಾಗರ. 19ಕ್ಕೆ ಯಲಹಂಕದಲ್ಲಿ ಏರೋ ಇಂಡಿಯಾ ರಿಹರ್ಸಲ್ ಟೈಮಲ್ಲಿ ಸೂರ್ಯಕಿರಣ್ ವಿಮಾನಗಳು ಡಿಕ್ಕಿ ಹೊಡೆದು ಒಬ್ಬ ಪೈಲೆಟ್ ತೀರಿಕೊಂಡ್ರು. 23ಕ್ಕೆ ಅದೇ ಏರ್ ಶೋ ಪಾರ್ಕಿಂಗಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರು ಸುಟ್ಟೋದ್ವು. ಬಂಡೀಪುರ ಹತ್ಕೊಂಡಿದ್ದು ಇದೇ ವಾರದಲ್ಲಿ, 21ರಿಂದ. ಕರ್ನಾಟಕದ ಅರ್ಧಕ್ಕರ್ಧ ಉದ್ದ ಲೆನ್ಸುಗಳು ಆ ವಾರ ಯಲಹಂಕದಲ್ಲಿ ಆಕಾಶ ನೋಡ್ತಾ ಕೂತಿದ್ವು. ನಮ್ಮ ಆಫೀಸಿನ ಒಂದೇ ಒಂದು ದೊಡ್ಡ ಲೆನ್ಸ್ ಕೂಡ ಸೀನಿಯರ್ ಜೊತೆ ಅಲ್ಲಿಗೇ ಹೋಗಿತ್ತು, ನನ್ನ ಪಾಲಿಗೆ ಉಳಿದಿದ್ದು ಹತ್ತಿರದ್ದಕ್ಕೆ ಒಂದು 24-70 ಲೆನ್ಸು, ಸ್ವಲ್ಪ ದೂರಕ್ಕೆ ಒಂದು ಹಳೇ 70-200. ಆಗ ಬೈಕೊಂಡೇ ಹೋದೆ. ಈಗ ಅನ್ಸುತ್ತೆ, ಬೆಂಕಿಗೆ ಉದ್ದ ಲೆನ್ಸ್ ಕೆಲಸಕ್ಕೇ ಬರಲ್ಲ. ದೂರದಿಂದ ತೆಗೆದ್ರೆ ನಡುವೆ ಇರೋ ಬಿಸಿಗಾಳಿ ನಡುಗುತ್ತೆ, ಆ ನಡುಕ ಫೋಟೋದಲ್ಲಿ ಫೋಕಸ್ ಇಲ್ಲದ ಥರ ಕಾಣುತ್ತೆ, ಎಷ್ಟು ಲಕ್ಷದ ಲೆನ್ಸ್ ಹಾಕಿದ್ರೂ ಅಷ್ಟೇ. ಹತ್ರ ಹೋಗ್ಬೇಕು. ಹತ್ರ ಹೋಗಕ್ಕೆ ಬೇಕಾದ್ದು ಲೆನ್ಸಲ್ಲ, ಜೊತೇಲಿ ಗಾಳಿ ಗೊತ್ತಿರೋ ಒಬ್ಬ ಮನುಷ್ಯ.

ಮೈಸೂರಿಂದ ನಂಜನಗೂಡು, ಗುಂಡ್ಲುಪೇಟೆ ಮೇಲೆ ಬಂಡೀಪುರಕ್ಕೆ ಎಂಬತ್ತು ಕಿಲೋಮೀಟರ್. ಗುಂಡ್ಲುಪೇಟೇಲಿ ಟೀ ಕುಡಿಯಕ್ಕೆ ನಿಲ್ಸಿದಾಗ್ಲೇ ಗೋಪಾಲಸ್ವಾಮಿ ಬೆಟ್ಟದ ಕಡೆ ಆಕಾಶ ಮಬ್ಬಾಗಿತ್ತು. ಹೋಟೆಲಿನವರು ‘ಸಾ ಕಾಡೆಲ್ಲಾ ಹೋಯ್ತಂತೆ’ ಅಂತಿದ್ರು. ಟೀವೀಲಿ ನೋಡ್ದೋರು ಮರದ ತುದಿ ತನಕ ಜ್ವಾಲೆ ಎದ್ದಿರುತ್ತೆ ಅಂದ್ಕೋತಾರೆ, ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾದ ವಿಡಿಯೋ ನೋಡಿ ನೋಡಿ ಕಣ್ಣು ಹಂಗಾಗಿದೆ. ನಮ್ಮ ಒಣ ಎಲೆ ಉದುರೋ ಕಾಡಲ್ಲಿ ಬೆಂಕಿ ಹೆಚ್ಚಾಗಿ ನೆಲದ ಮೇಲೇ ಹೋಗುತ್ತೆ. ಮೊಣಕಾಲೆತ್ತರ, ಕೆಲವು ಕಡೆ ಸೊಂಟದೆತ್ತರ, ಲಂಟಾನ ಪೊದೆ ಸಿಕ್ಕಿದ ಕಡೆ ಮಾತ್ರ ಭುಗ್ ಅಂತ ಎರಡಾಳು ಎತ್ತರ ಏಳುತ್ತೆ. ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣೋದೂ ಇಲ್ಲ, ಬಿಸಿಲಿಗೆ ಬಣ್ಣ ತಿಂದೋಗಿರುತ್ತೆ, ಬರೀ ಹೊಗೆ. ಅದನ್ನ ಫೋಟೋ ತೆಗೆದು ಕಳಿಸಿದ್ರೆ ಡೆಸ್ಕಿನವರು ಇದೇನ್ರೀ ಕಸ ಸುಟ್ಟಂಗಿದೆ ಅಂತಾರೆ. ಆದ್ರೆ ಆ ಮೊಣಕಾಲೆತ್ತರದ ಬೆಂಕೀನೇ ಸಾವಿರಾರು ಎಕರೆ ತಿಂದಿದ್ದು. ಮೊದಲು ಹತ್ತು ಸಾವಿರ ಎಕರೆ ಇರ್ಬೇಕು ಅಂತಿದ್ರು, ಆಮೇಲೆ ಸ್ಯಾಟಲೈಟ್ ಚಿತ್ರ ನೋಡಿ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು 15 ಸಾವಿರ ಎಕರೆಗೂ ಮೇಲೆ ಅಂದ್ರು. ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿತ್ತು, ಹುಲ್ಲು, ಪೊದೆ ಸೊಂಪಾಗಿ ಬೆಳೆದಿತ್ತು, ಅದೇ ಫೆಬ್ರವರೀಲಿ ಒಣಗಿ ಸೌದೆಯಾಯ್ತು. ಒಳ್ಳೆ ಮಳೆ ಆದ ವರ್ಷದ ಮುಂದಿನ ಬೇಸಿಗೆಗೇ ಜಾಸ್ತಿ ಹೆದರ್ಬೇಕು ಅಂತ ಕಾಡಿನ ಜನ ಹೇಳೋದು ಇದಕ್ಕೇ.

ಬೆಂಕಿ ಆರಿಸ್ತಾ ಇದ್ದೋರು ಯಾರು ಅಂದ್ರೆ ಗಾರ್ಡುಗಳು, ಸೀಸನ್ನಿಗೆ ಅಂತ ದಿನಗೂಲಿ ಮೇಲೆ ತಗೊಂಡ ಫೈರ್ ವಾಚರ್‌ಗಳು, ಅವರಲ್ಲಿ ತುಂಬಾ ಜನ ಸುತ್ತಲಿನ ಹಾಡಿಯವರು, ಜೇನುಕುರುಬರು, ಸೋಲಿಗರು, ಜೊತೆಗೆ ಮೈಸೂರು ಬೆಂಗಳೂರಿಂದ ಕಾರು ಬೈಕಲ್ಲಿ ಬಂದ ವಾಲಂಟಿಯರ್‌ಗಳು. ಆಯುಧ ಏನು? ಹಸಿ ಸೊಪ್ಪಿನ ಕೊಂಬೆ. ಇವತ್ತು ಎಲೆ ಊದೋ ಬ್ಲೋಯರ್ ಮಷೀನು, ಬೆನ್ನಿಗೆ ಹಾಕೋ ನೀರಿನ ಪಂಪು ಬಂದಿವೆ, ಆದ್ರೂ ಕೊಂಬೆ ಹೋಗಿಲ್ಲ. ಇದನ್ನ ಹತ್ತಿರದಿಂದ ನೋಡಿದೋರಿಗೇ ಗೊತ್ತು, ಫೆಬ್ರವರೀಲಿ ಆ ಕಾಡಲ್ಲಿ ಹಸಿ ಸೊಪ್ಪು ಸಿಗೋದೇ ಕಷ್ಟ, ಮರಗಳೆಲ್ಲ ಬೋಳಾಗಿರ್ತವೆ, ಹಳ್ಳದ ಪಕ್ಕ ಎಲ್ಲೋ ಒಂದೆರಡು ಗಿಡ ಹಸಿರಾಗಿರುತ್ತೆ, ಅಲ್ಲಿಗೆ ಓಡಿ ಮಚ್ಚಲ್ಲಿ ಕಡ್ಕೊಂಡು ವಾಪಸ್ ಓಡಿ ಬರ್ಬೇಕು. ಕೊಂಬೇನ ಮೇಲೆತ್ತಿ ಜೋರಾಗಿ ಬಡಿಯೋ ಹಂಗಿಲ್ಲ, ಬಡಿದ್ರೆ ಕಿಡಿ ಹಾರಿ ಹಿಂದೆ ಬೀಳುತ್ತೆ. ಒತ್ತಿ, ಬೆಂಕಿ ಕಡೆಗೇ ಗುಡಿಸಿದಂಗೆ ಎಳೀಬೇಕು. ಹತ್ತು ಹದಿನೈದು ಸಲ ಒತ್ತಿದ್ರೆ ಎಲೆ ಸುರುಟಿ ಕರಕಲಾಗಿ ಬರೀ ಕಡ್ಡಿ ಉಳಿಯುತ್ತೆ, ಮತ್ತೆ ಇನ್ನೊಂದು ಕೊಂಬೆ. ನನ್ನ ಮುಂದೆ ಇದ್ದ ವಾಚರ್ ಕಾಲಲ್ಲಿ ಹವಾಯಿ ಚಪ್ಪಲಿ. ಹಿಮ್ಮಡಿ ಹತ್ರ ಅದು ಕರಗಿ ಅಂಚು ಮೇಲಕ್ಕೆ ಮಡಚ್ಕೊಂಡಿತ್ತು, ಸುಟ್ಟ ಹುಲ್ಲಿನ ಕಡ್ಡಿಗಳು ಆ ರಬ್ಬರಿಗೆ ಅಂಟಿದ್ವು. ಅದನ್ನ ಕ್ಲೋಸಪ್ ತೆಗೆದೆ. ಆ ಮನುಷ್ಯ ಕಾಲು ನೋಡಿ, ನನ್ನ ನೋಡಿ, ‘ಚಪ್ಪಲಿ ಪಟ ಯಾಕ್ ಸಾ’ ಅಂತ ನಕ್ಕ.

ಇವನೇ ನನಗೆ ಅವತ್ತು ಗಾಳಿ ಮೇಷ್ಟ್ರು. ನಾನು ಇಳಿಜಾರಿನ ಮೇಲುಗಡೆ ನಿಂತ್ರೆ ಫ್ರೇಮ್ ಚೆನ್ನಾಗಿರುತ್ತೆ ಅಂತ ಹತ್ತಕ್ಕೆ ಹೊರಟೆ, ಇವನು ಕೈ ಹಿಡಿದು ಎಳೆದ. ‘ಸಾ, ಬೆಂಕಿ ಬೆಟ್ಟ ಹತ್ತಕ್ಕೆ ನಿಮಗಿಂತ ಜೋರು. ಅಲ್ ಬ್ಯಾಡಿ, ಕಪ್ಪಾಗಿರ ಕಡೆ ನಿಂತ್ಕಳಿ, ಒಂದ್ಸಲ ಬೆಂದಿದ್ದು ಮತ್ತೆ ಬೇಯಲ್ಲ’ ಅಂದ. ಇಳಿಜಾರಲ್ಲಿ ಜ್ವಾಲೆ ಮೇಲಿನ ಹುಲ್ಲನ್ನ ಮೊದಲೇ ಕಾಯಿಸಿ ಒಣಗಿಸಿ ಇಟ್ಟಿರುತ್ತೆ, ಅದಕ್ಕೇ ಮೇಲಕ್ಕೆ ಅಷ್ಟು ವೇಗ, ಇದನ್ನ ಪುಸ್ತಕದಲ್ಲಿ ಓದೋದು ಬೇರೆ, ಕೈ ಹಿಡಿದು ಎಳೆಸ್ಕೊಳೋದು ಬೇರೆ. ಆಟ ಅಲ್ಲ ಇದು, 2017ರ ಫೆಬ್ರವರೀಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಕ್ಕೆ ಹೋದ ಒಬ್ಬ ಫಾರೆಸ್ಟ್ ಗಾರ್ಡ್ ಬೆಂಕಿಗೇ ಬಲಿಯಾದ್ರು, ಸಣ್ಣ ವಯಸ್ಸು. 2018ರ ಮಾರ್ಚಲ್ಲಿ ಪಕ್ಕದ ತಮಿಳುನಾಡಿನ ಕುರಂಗಣಿಯಲ್ಲಿ ಟ್ರೆಕ್ಕಿಂಗ್ ಹೋದ ಹುಡುಗರು ಹುಡುಗೀರು ಸಿಕ್ಕಾಕ್ಕೊಂಡಿದ್ದು ಕೂಡ ಇಂಥದ್ದೇ ಇಳಿಜಾರಿನ ಹುಲ್ಲಲ್ಲಿ.

ಇನ್ನು ಹೆಲಿಕಾಪ್ಟರ್. 25ನೇ ತಾರೀಖು ವಾಯುಸೇನೆಯವರ ಎರಡು ಎಂಐ-17 ಬಂದ್ವು, ಕೊಯಮತ್ತೂರು ಪಕ್ಕದ ಸೂಲೂರು ಬೇಸಿಂದ. ಸದ್ದು ಮೊದಲು ಬಂತು, ಆಮೇಲೆ ಹೊಗೆ ಮಧ್ಯೆ ಆಕಾರ ಬಂತು, ಹೊಟ್ಟೆ ಕೆಳಗೆ ಹಗ್ಗದಲ್ಲಿ ನೇತಾಡ್ತಾ ಇರೋ ಕಿತ್ತಳೆ ಬಣ್ಣದ ಬಕೆಟ್ಟು. ಅದೇ ಬಾಂಬಿ ಬಕೆಟ್. 1980ರ ದಶಕದಲ್ಲಿ ಕೆನಡಾದ ಡಾನ್ ಆರ್ನಿ ಅನ್ನೋರು ಮಾಡಿದ್ದು, ಮಡಚಿ ಇಟ್ಕೊಂಡು ಹೋಗ್ಬಹುದು, ಕೆರೇಲಿ ಅದ್ದಿದ್ರೆ ತಾನೇ ವಾಲಿ ತುಂಬ್ಕೊಳುತ್ತೆ, ಒಳಗಿಂದ ಸ್ವಿಚ್ ಒತ್ತಿದ್ರೆ ತಳದ ವಾಲ್ವ್ ತೆರೆದು ನೀರು ಬೀಳುತ್ತೆ. ಎಂಐ-17 ಹೊರೋದು ಒಂದು ಸಲಕ್ಕೆ ಸುಮಾರು ಮೂರೂವರೆ ಸಾವಿರ ಲೀಟರ್. ಕೇಳಕ್ಕೆ ದೊಡ್ಡದು, ಆದ್ರೆ ಬೇಸಿಗೇಲಿ ನಮ್ಮ ಬೀದಿಗೆ ಬರೋ ನೀರಿನ ಟ್ಯಾಂಕರ್‌ನಲ್ಲಿ ಅದಕ್ಕಿಂತ ಜಾಸ್ತಿ ಇರುತ್ತೆ ಕಣ್ರೀ.

ಇದನ್ನ ಫೋಟೋ ತೆಗೆಯೋದ್ರಲ್ಲಿ ಒಂದು ತಲೆನೋವಿದೆ. ಎಂಐ-17ರ ಮೇಲಿನ ಫ್ಯಾನಿಗೆ ಐದು ರೆಕ್ಕೆ, ನಿಮಿಷಕ್ಕೆ ಸುಮಾರು 190 ಸುತ್ತು, ಅಂದ್ರೆ ಸೆಕೆಂಡಿಗೆ ಮೂರು ಚಿಲ್ಲರೆ. ಶಟರ್ ಸ್ಪೀಡ್ ಸಾವಿರ ಎರಡು ಸಾವಿರಕ್ಕೆ, ಅಂದ್ರೆ ಶಟರ್ ತೆರೆದಿರೋದು ಸೆಕೆಂಡಿನ ಸಾವಿರದಲ್ಲೋ ಎರಡು ಸಾವಿರದಲ್ಲೋ ಒಂದು ಭಾಗ ಹೊತ್ತು, ಹಂಗೆ ಇಟ್ರೆ ರೆಕ್ಕೆ ನಿಂತೋದಂಗೆ ಕಾಣುತ್ತೆ, ಜಾತ್ರೇಲಿ ಮಾರೋ ಪ್ಲಾಸ್ಟಿಕ್ ಹೆಲಿಕಾಪ್ಟರ್ರು. 125ಕ್ಕೆ ಇಳಿಸಿದ್ರೆ ರೆಕ್ಕೆ ಚೆನ್ನಾಗಿ ತಿರುಗಿದಂಗೆ ಬರುತ್ತೆ, ಆದ್ರೆ ಬೀಳೋ ನೀರು ಬಿಳೀ ಹತ್ತಿ ಥರ ಕಲಸಿಹೋಗುತ್ತೆ, ನಿಮ್ಮ ಕೈ ನಡುಗಿದ್ರೆ ಇಡೀ ಹೆಲಿಕಾಪ್ಟರ್ರೇ ಕಲಸಿಹೋಗುತ್ತೆ. ನಾನು 250ರ ಆಸುಪಾಸು ಇಟ್ಕೊಂಡು ಹೆಲಿಕಾಪ್ಟರ್ ಜೊತೆ ಕ್ಯಾಮೆರಾ ತಿರುಗಿಸ್ತಾ ಹೋಗ್ತೀನಿ. ಇದರ ಪ್ರಾಕ್ಟೀಸ್ ಮಾಡಕ್ಕೆ ಮೈಸೂರಲ್ಲಿ ಒಳ್ಳೆ ಜಾಗ ಬನ್ನಿಮಂಟಪ, ದಸರಾ ಏರ್ ಶೋ ಇದ್ದ ವರ್ಷ ಹೋಗಿ ನಿಂತ್ಕೊಳಿ. ಅಲ್ಲಿ ಬೆಳಕು ಗೊತ್ತಿರುತ್ತೆ, ಟೈಮ್ ಗೊತ್ತಿರುತ್ತೆ, ಯಾವ ಕಡೆಯಿಂದ ಬರುತ್ತೆ ಅಂತ ಮೈಕಲ್ಲೇ ಹೇಳ್ತಾರೆ. ಕಾಡಲ್ಲಿ ಇದ್ಯಾವುದೂ ಇಲ್ಲ, ಹೊಗೆಯಿಂದ ಹೊರಗೆ ಬಂದು ನೀರು ಬಿಟ್ಟು ಮತ್ತೆ ಹೊಗೆ ಒಳಗೆ ಹೋಗೋಷ್ಟರಲ್ಲಿ ಸಿಗೋದು ಕೆಲವು ಸೆಕೆಂಡು, ಆಟೋಫೋಕಸ್ ಹೊಗೇನ ಹಿಡೀಲಾ ಹೆಲಿಕಾಪ್ಟರ್ ಹಿಡೀಲಾ ಅಂತ ಅತ್ತ ಇತ್ತ ಅಲೀತಾ ಇರುತ್ತೆ. ಮುಂಚೇನೇ ಬೆಟ್ಟದ ಅಂಚಿಗೆ ಫೋಕಸ್ ಮಾಡಿ ಲಾಕ್ ಮಾಡಿಟ್ಟು ಕಾಯೋದು ವಾಸಿ.

ನೀರು ಬಿತ್ತು. ಜನ ಕೂಗಿದ್ರು, ಸಿಳ್ಳೆ ಹೊಡೆದ್ರು, ಮೊಬೈಲ್ ಎತ್ತಿದ್ರು. ನಮ್ಮ ಕಡೆ ಬಂದಿದ್ದು ಸೋನೆ ಮಳೆ ಥರ ನಾಲ್ಕು ಹನಿ, ಮುಖದ ಮೇಲಿನ ಬೂದಿ ಕೆಸರಾಯ್ತು. ಹೆಲಿಕಾಪ್ಟರ್ ನೀರಿಂದ ಆಗೋ ಉಪಯೋಗ ಸುಳ್ಳಲ್ಲ, ಮನುಷ್ಯ ಹತ್ತಕ್ಕಾಗದ ಕಡಿದಾದ ಜಾಗದಲ್ಲಿ ಜ್ವಾಲೆ ತಗ್ಗಿಸುತ್ತೆ, ಕಾವು ಇಳಿಸುತ್ತೆ, ಕೆಳಗಿರೋರಿಗೆ ಹತ್ರ ಹೋಗಕ್ಕೆ ಒಂದಿಷ್ಟು ಹೊತ್ತು ಕೊಡುತ್ತೆ. ಅಷ್ಟೇ. ಆ ಹೊತ್ತಲ್ಲಿ ಹೋಗಿ ಆರಿಸ್ಬೇಕಾದೋರು ಅದೇ ಕೊಂಬೆಯವರು. ಹೆಲಿಕಾಪ್ಟರ್ ಹೋದ ಮೇಲೆ ಬಿದ್ದ ಮರದ ಬೊಡ್ಡೆ ಒಳಗೆ ಕೆಂಡ ಹೊಗೆಯಾಡ್ತಾ ಇರುತ್ತೆ, ರಾತ್ರಿ ಗಾಳಿ ಬೀಸಿದ್ರೆ ಅದು ಮತ್ತೆ ಎದ್ದೇಳುತ್ತೆ, ಅದನ್ನ ಕೆದಕಿ ಮಣ್ಣು ಮುಚ್ಚೋ ಕೆಲಸಕ್ಕೆ ಯಾವ ಕ್ಯಾಮೆರಾನೂ ಇರಲ್ಲ. ಬೆಂಕೀನ ನಿಲ್ಸೋದು ಇನ್ನೂ ಮುಂಚೆ, ಡಿಸೆಂಬರ್ ಜನವರೀಲೇ ಪೊದೆ ಕಡಿದು, ಹುಲ್ಲು ಸುಟ್ಟು ಮಾಡಿಟ್ಟ ಬೋಳು ಪಟ್ಟಿ, ಅದೇ ಬೆಂಕಿ ರೇಖೆ. ಆ ರೇಖೆ ಕೆಲಸದ ಫೋಟೋ ಯಾವ ಪೇಪರಲ್ಲಾದ್ರೂ ದೊಡ್ಡದಾಗಿ ನೋಡಿದೀರಾ? ನಾನು ಕಳಿಸಿದೀನಿ. ಬಂದಿಲ್ಲ.

ಅವತ್ತು ರಾತ್ರಿ ಎರಡೂ ಥರದ ಫೋಟೋ ಕಳಿಸಿದೆ. ನಿರೀಕ್ಷೆ ಮಾಡ್ದಂಗೇ ಹೆಲಿಕಾಪ್ಟರ್ ಮುಖಪುಟಕ್ಕೆ, ಕೊಂಬೆ ಹಿಡಿದೋನು ಒಳಪುಟದಲ್ಲಿ ಎರಡು ಕಾಲಂ, ಚಪ್ಪಲಿ ಎಲ್ಲೂ ಇಲ್ಲ. ಆದ್ರೆ ತಮಾಷೆ ನೋಡಿ, ಅದು 26ನೇ ತಾರೀಖಿನ ಪೇಪರ್ರು. ಬೆಳಗ್ಗೆ ಜನ ಪೇಪರ್ ಬಿಡಿಸೋಷ್ಟರಲ್ಲಿ ಟೀವೀಲಿ ಪಾಕಿಸ್ತಾನದ ಬಾಲಾಕೋಟ್ ಮೇಲಿನ ದಾಳಿ ಸುದ್ದಿ ಶುರುವಾಗಿತ್ತು. ಅದೇ ವಾಯುಸೇನೆ, ಬೇರೆ ವಿಮಾನ. ಬಂಡೀಪುರ ಆ ಕ್ಷಣಕ್ಕೆ ಮುಗೀತು. ನನ್ನ ವೃತ್ತೀಲಿ ಸಿಕ್ಕ ದೊಡ್ಡ ಮುಖಪುಟ ಚಿತ್ರಗಳಲ್ಲಿ ಅದೂ ಒಂದು, ಅದರ ಮೇಲೆ ಇಡ್ಲಿ ಕಟ್ಟಿದ್ದನ್ನೂ ನೋಡಿದೀನಿ, ಬೇಜಾರೇನಿಲ್ಲ.

ಹೊರದೇಶದಲ್ಲಿ ಈ ವಿಮಾನದ ಆಟ ಬೇರೇನೇ ಲೆವೆಲ್ಲು. ಕ್ಯಾಲಿಫೋರ್ನಿಯಾದಲ್ಲಿ ಕೆಂಪು ಪುಡಿ ಚೆಲ್ಲಿದಂಗೆ ಬೀಳೋದು ನೋಡಿರ್ತೀರಲ್ಲ, ಅದು ಬರೀ ನೀರಲ್ಲ, ಅಮೋನಿಯಂ ಫಾಸ್ಫೇಟ್ ಬೆರೆಸಿದ ರಿಟಾರ್ಡೆಂಟು, ಬೆಂಕಿ ಹರಡೋದನ್ನ ತಡೆಯೋ ದ್ರವ, ಹೆಚ್ಚುಕಮ್ಮಿ ಗೊಬ್ಬರದ ಸಾಮಾನೇ. ಎಲ್ಲಿ ಬಿದ್ದಿದೆ ಅಂತ ಮುಂದಿನ ಪೈಲೆಟ್‌ಗೆ ಕಾಣ್ಲಿ ಅಂತ ಕಬ್ಬಿಣದ ಆಕ್ಸೈಡ್ ಹಾಕಿ ಕೆಂಪು ಮಾಡಿರ್ತಾರೆ. ಅದನ್ನ ಬೆಂಕಿ ಮೇಲೆ ಹಾಕಲ್ಲ, ಬೆಂಕಿ ಬರೋ ದಾರೀಲಿ ಮುಂದೆ ಹಾಕ್ತಾರೆ, ಅಂದ್ರೆ ಆಕಾಶದಿಂದ ಎಳೆಯೋ ಬೆಂಕಿ ರೇಖೆ ಅದು. ದೊಡ್ಡ ಡಿಸಿ-10 ವಿಮಾನ ಒಂದು ಸಲಕ್ಕೆ 35 ಸಾವಿರ ಲೀಟರ್ ಚೆಲ್ಲುತ್ತೆ, ಅದರ ಮುಂದೆ ಒಂದು ಚಿಕ್ಕ ವಿಮಾನ ದಾರಿ ತೋರಿಸ್ತಾ ಹೋಗುತ್ತೆ. ಫೋಟೋಗ್ರಾಫರ್‌ಗಳಿಗೆ ಆ ಚಿಕ್ಕದೇ ಸಿಗ್ನಲ್ಲು, ಅದು ಬಂತು ಅಂದ್ರೆ ಹಿಂದೆ ದೊಡ್ಡದು ಬರ್ತಿದೆ ಅಂತ ಕ್ಯಾಮೆರಾ ರೆಡಿ ಮಾಡ್ಕೊಳೋದು. ಕೆನಡಾದ ಸಿಎಲ್-415 ಅನ್ನೋದು ಇನ್ನೂ ಮಜಾ, ಕೆರೆ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗ್ತಾ ಹನ್ನೆರಡು ಸೆಕೆಂಡಲ್ಲಿ ಆರು ಸಾವಿರ ಲೀಟರ್ ಹೀರ್ಕೊಂಡು ಏಳುತ್ತೆ. ನಮ್ಮ ದೇಶದಲ್ಲಿ ಅದಿಲ್ಲ. ಒಂದ್ಸಲ ಕಬಿನಿ ಹಿನ್ನೀರು ನೋಡ್ತಾ ಇಲ್ಲಿ ಅದು ಇಳಿಯುತ್ತಾ ಅಂತ ಲೆಕ್ಕ ಹಾಕ್ತಾ ಕೂತಿದ್ದೆ, ಉದ್ದ ಅಗಲ ಬೇಕಾದಷ್ಟಿದೆ, ಆದ್ರೆ ಹಿನ್ನೀರಲ್ಲಿ ಮುಳುಗಿ ಸತ್ತ ಮರದ ಬೊಡ್ಡೆಗಳು ಬೇಸಿಗೇಲಿ ತಲೆ ಎತ್ಕೊಂಡು ನಿಂತಿರ್ತವಲ್ಲ, ವಿಮಾನದ ಹೊಟ್ಟೆ ಸೀಳಿಬಿಡುತ್ತೆ.

ಅಷ್ಟೆಲ್ಲ ವಿಮಾನ ಇಟ್ಕೊಂಡೋರಿಗೂ 2025ರ ಜನವರಿ 7ಕ್ಕೆ ಲಾಸ್ ಏಂಜಲೀಸ್ ಪ್ಯಾಲಿಸೇಡ್ಸ್ ಬೆಂಕಿ ಹೊತ್ತಿದ ದಿನ ಗಾಳಿ ಎಷ್ಟಿತ್ತು ಅಂದ್ರೆ ರಾತ್ರಿ ವಿಮಾನ ಹೆಲಿಕಾಪ್ಟರ್ ಎಲ್ಲ ನೆಲಕ್ಕೆ ಇಳಿಸ್ಬೇಕಾಯ್ತು. ಯಾವಾಗ ಬೆಂಕಿ ಜೋರಾಗಿರುತ್ತೋ ಆಗ್ಲೇ ವಿಮಾನ ಹಾರಕ್ಕಾಗಲ್ಲ, ಇದನ್ನ ಯಾರೂ ಯೋಚನೆ ಮಾಡಲ್ಲ. ಅದಾಗಿ ಎರಡು ದಿನಕ್ಕೆ ಕ್ವಿಬೆಕ್‌ನಿಂದ ಬಂದಿದ್ದ ಒಂದು ಸಿಎಲ್-415ರ ರೆಕ್ಕೆಗೆ ಯಾರೋ ಒಬ್ಬ ಬೆಂಕಿ ನೋಡಕ್ಕೆ ಅಂತ ಹಾರಿಸಿದ ಡ್ರೋನ್ ಬಡಿದು ತೂತಾಯ್ತು, ವಿಮಾನ ರಿಪೇರಿಗೆ ಹೋಯ್ತು. ನಮ್ಮ ಹುಡುಗ್ರು ಡ್ರೋನ್ ಶಾಟ್ ಡ್ರೋನ್ ಶಾಟ್ ಅಂತ ಕುಣೀತಾರಲ್ಲ, ಅವರಿಗೆ ಇದನ್ನ ಪ್ರಿಂಟ್ ತೆಗೆದು ಕೊಡ್ಬೇಕು. ಪರ್ಮಿಷನ್ ಇಲ್ಲದೆ ಹುಲಿ ಕಾಡಲ್ಲಿ ಡ್ರೋನ್ ಹಾರಿಸೋದು ಅಪರಾಧ ಅನ್ನೋದು ಒಂದು ಕಡೆ, ಮೇಲೆ ಹೆಲಿಕಾಪ್ಟರ್ ಇದ್ದಾಗ ಹಾರಿಸೋದು ಕೊಲೆ ಪ್ರಯತ್ನ ಅಂತಾನೇ ನನ್ನ ಲೆಕ್ಕ.

ಇನ್ನೊಂದು ವ್ಯತ್ಯಾಸ. ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ, ಬೆಂಕಿ ಅಂತ ಪೊಲೀಸರು ರಸ್ತೆ ಮುಚ್ಚಿದ್ರೂ ಪತ್ರಕರ್ತರನ್ನ ಒಳಗೆ ಬಿಡ್ಬೇಕು ಅಂತ. ಅದಕ್ಕೇ ಅಲ್ಲಿಂದ ಅಂಥ ಫೋಟೋಗಳು ಬರೋದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕಾಡೊಳಗೆ ಫೋಟೋ ತೆಗೆಯಕ್ಕೂ ಅನುಮತಿ ಬೇಕು. ಬೇಕು ಅನ್ನೋದು ಸರೀನೇ, ಆನೆ ಹುಲಿ ಓಡಾಡೋ ಜಾಗ, ಬೆಂಕಿಗೆ ಬೆದರಿ ಅವೂ ರಸ್ತೆ ಕಡೆಗೇ ಬರ್ತಿರ್ತವೆ. ಆದ್ರೆ ಬೆಂಕಿ ಬಿದ್ದಾಗ ಗೇಟ್ ಹಾಕಿ ಕೂತ್ರೆ ಆಗೋದೇನು, ಹೊರಗೆ ಯಾರ್ಯಾರೋ ಎಲ್ಲೆಲ್ಲಿಂದಾನೋ ತಂದ ಫೋಟೋ ಓಡಾಡುತ್ತೆ. 2019ರಲ್ಲಿ ಎಷ್ಟು ಬಂದ್ವು ಅಂತೀರಾ, ಸುಟ್ಟ ಮೊಲ, ಸುಟ್ಟ ಕೋತಿ, ಯಾವ ದೇಶದ್ದೋ ಏನೋ, ಎಲ್ಲದರ ಕೆಳಗೂ ‘ನಮ್ಮ ಬಂಡೀಪುರ’. ಹೊಳೆ ಮಧ್ಯೆ ಎರಡು ಜಿಂಕೆ ನಿಂತು ಹಿಂದೆ ಇಡೀ ಕಾಡು ಕೆಂಪಗೆ ಉರೀತಿರೋ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ಅದು 2000ನೇ ಇಸವಿ ಆಗಸ್ಟ್ 6ಕ್ಕೆ ಅಮೇರಿಕಾದ ಮೊಂಟಾನಾದಲ್ಲಿ ತೆಗೆದಿದ್ದು, ಅವು ಎಲ್ಕ್ ಅನ್ನೋ ಪ್ರಾಣಿ, ತೆಗೆದ ಜಾನ್ ಮೆಕೋಲ್ಗನ್ ಫೋಟೋಗ್ರಾಫರ್ರೇ ಅಲ್ಲ, ಬೆಂಕಿ ಹೆಂಗೆ ಹರಡುತ್ತೆ ಅಂತ ಲೆಕ್ಕ ಹಾಕಕ್ಕೆ ಬಂದಿದ್ದ ಸರ್ಕಾರಿ ನೌಕರ. ಕೆಲಸದಲ್ಲಿದ್ದೋನು, ಸೇತುವೆ ಮೇಲೆ ನಿಂತಿದ್ದ, ಕೈಲಿ ಕ್ಯಾಮೆರಾ ಇತ್ತು. ನನಗೆ ಹೊಟ್ಟೆಕಿಚ್ಚು ಬರೋ ಫೋಟೋ ಅದು. ಆದ್ರೆ ಅದನ್ನ ಎಳ್ಕೊಂಡು ಬಂದು ಗುಂಡ್ಲುಪೇಟೆಗೆ ಅಂಟಿಸಿದ್ರೆ ನಿಜವಾಗ್ಲೂ ಇಲ್ಲಿ ಸತ್ತಿರೋ ಆಮೆ, ಹಾವು, ನೆಲದಲ್ಲಿ ಮೊಟ್ಟೆ ಇಡೋ ಹಕ್ಕಿಗಳು ಯಾರಿಗೂ ಬೇಡವಾಗ್ತವೆ, ಅವು ಫೋಟೋದಲ್ಲಿ ಅಷ್ಟು ಚೆನ್ನಾಗಿ ಕಾಣಲ್ಲ ನೋಡಿ.

ಬಣ್ಣದ ವಿಷಯ ಒಂದು ಹೇಳ್ಬಿಡ್ತೀನಿ, ಆ ಹುಡುಗ ಇದನ್ನೂ ಕೇಳಿದ್ದ. ಹೊಗೆ ನೀಲಿ ಬೆಳಕನ್ನ ಚೆದುರಿಸುತ್ತೆ, ಉಳಿಯೋದು ಕೆಂಪು ಕಿತ್ತಳೆ, ಅದಕ್ಕೇ ಹೊಗೆ ಒಳಗಿಂದ ಸೂರ್ಯ ತಾಮ್ರದ ಬಣ್ಣಕ್ಕೆ ಕಾಣೋದು. ಬಣ್ಣ ತಾನೇ ಹೊಂದಿಸೋ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್‌ಗೆ ಇದು ತಪ್ಪು ಅನ್ಸುತ್ತೆ, ಅದು ಕೂತ್ಕೊಂಡು ಸರಿ ಮಾಡುತ್ತೆ, ಫೋಟೋ ಬೂದಿ ಬಣ್ಣಕ್ಕೆ ಬರುತ್ತೆ. 2020ರ ಸೆಪ್ಟೆಂಬರ್ 9ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಆಕಾಶ ಹಗಲಲ್ಲೇ ಕಿತ್ತಳೆಯಾಗಿತ್ತಲ್ಲ, ಅವತ್ತು ಅಲ್ಲಿರೋ ನಮ್ಮ ಚಿಕ್ಕಮ್ಮನ ಮಗ ವಾಟ್ಸಾಪಲ್ಲಿ ಫೋಟೋ ಹಾಕಿದ್ದ, ಮೋಡ ಕವಿದ ಮಡಿಕೇರಿ ಥರ ಇತ್ತು. ಕೆಳಗೆ ‘ಅಣ್ಣ ನಂಬು, ಹೊರಗೆ ಪೂರ್ತಿ ಕಿತ್ತಳೆ, ಈ ಫೋನಿಗೆ ಏನ್ ಬಂತೋ’ ಅಂತ ಬರ್ದಿದ್ದ. ಆಟೋ ತೆಗೆದು ಬಿಸಿಲಿನ ಸೆಟ್ಟಿಂಗ್‌ಗೆ ಹಾಕಿ ತೆಗಿ ಅಂದೆ, ಸರಿಹೋಯ್ತು. ಹಂಗೇ ಉಲ್ಟಾ ಕೂಡ, ಮನೆಗೆ ಬಂದು ಕಂಪ್ಯೂಟರಲ್ಲಿ ಕೆಂಪು ಜಾಸ್ತಿ ಮಾಡೋ ಚಾಳಿ ಇದೆ ಕೆಲವರಿಗೆ. ಬೇಡ. ಬಂಡೀಪುರದ ಹೊಗೆ ಹಗಲಲ್ಲಿ ಬಿಳೀನೇ, ಬಿಳೀನೇ ಇರ್ಲಿ. ಇನ್ನೊಂದು, ಬೂದಿ ಹಾರ್ತಾ ಇರೋ ಕಡೆ ಲೆನ್ಸ್ ಬಿಚ್ಚಬೇಡಿ, ಸೆನ್ಸರ್ ಕ್ಲೀನ್ ಮಾಡ್ಸಕ್ಕೆ ಆಗೋ ಖರ್ಚು ಆ ಫೋಟೋಗೆ ಕೊಡೋ ದುಡ್ಡಿಗಿಂತ ಜಾಸ್ತಿ.

ಎಲ್ಲಿ ಬೆಂಕಿ ಅಂತ ಗೊತ್ತಾಗಕ್ಕೆ ನಾಸಾದ ಫರ್ಮ್ಸ್ ಮ್ಯಾಪ್ ನೋಡ್ತೀನಿ, ಸ್ಯಾಟಲೈಟ್ ಹಾದುಹೋದ ಕೆಲವು ಗಂಟೇಲಿ ಕೆಂಪು ಚುಕ್ಕೆ ಬಂದಿರುತ್ತೆ, ಒಂದು ಚುಕ್ಕೆ ಅಂದ್ರೆ ಸುಮಾರು 375 ಮೀಟರ್ ಚೌಕ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರೂ ಇದೇ ಡೇಟಾ ಇಟ್ಕೊಂಡು ಅಲರ್ಟ್ ಕಳಿಸ್ತಾರೆ. ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಚುಕ್ಕೆ ಕಂಡ್ರೆ ಮಾತ್ರ ಓಡ್ಬೇಡಿ, ಅದು ಕಬ್ಬು ಕಡಿದ ಮೇಲೆ ಗದ್ದೇಲಿ ತರಗು ಸುಡ್ತಿರೋದು. ಆದ್ರೆ ಕಲಿಯಕ್ಕೆ ಅದೇ ಒಳ್ಳೆ ಜಾಗ ಅಂತ ಮಂಡ್ಯದ ಹುಡುಗನಿಗೆ ಹೇಳಿದೀನಿ, ರೈತರನ್ನ ಕೇಳಿ ದೂರದಲ್ಲಿ ನಿಂತು ಸಂಜೆ ಹೊತ್ತು ತೆಗಿ, ಗಾಳಿ ತಿರುಗಿದ್ರೆ ಹೊಗೆ ಏನ್ ಮಾಡುತ್ತೆ, ಜ್ವಾಲೆಗೆ ಎಕ್ಸ್‌ಪೋಶರ್, ಅಂದ್ರೆ ಕ್ಯಾಮೆರಾ ಒಳಗೆ ಬಿಡೋ ಬೆಳಕು, ಎಷ್ಟು ಇಳಿಸ್ಬೇಕು ಎಲ್ಲ ಗೊತ್ತಾಗುತ್ತೆ.

ಇಷ್ಟೆಲ್ಲ ಹೇಳಿ ಹೆಲಿಕಾಪ್ಟರ್ ಫೋಟೋ ತೆಗೀಬೇಡಿ ಅಂತಿಲ್ಲ ನಾನು. ತೆಗೀರಿ. 2016ರಲ್ಲಿ ಉತ್ತರಾಖಂಡ, 2022ರಲ್ಲಿ ಸರಿಸ್ಕಾ, 2024ರಲ್ಲಿ ನೈನಿತಾಲ್, ಎಲ್ಲ ಕಡೆ ಇದೇ ಎಂಐ-17 ಇದೇ ಬಕೆಟ್ಟು ಹೋಗಿದೆ, ಎಲ್ಲ ಕಡೆಯಿಂದ್ಲೂ ಇದೇ ಒಂದೇ ಫೋಟೋ ಬಂದಿದೆ, ಹೊಗೆ, ಹೆಲಿಕಾಪ್ಟರ್, ಬಿಳೀ ನೀರು. ನಾನು ಹೇಳ್ತಿರೋದು ಇಷ್ಟೇ, ವೈಡ್ ಲೆನ್ಸ್ ಹಾಕಿ ಎರಡು ಹೆಜ್ಜೆ ಹಿಂದೆ ಬಂದು ನೆಲದವರನ್ನೂ ಅದೇ ಫ್ರೇಮಿಗೆ ತನ್ನಿ. ಹೆಲಿಕಾಪ್ಟರ್ ಚಿಕ್ಕದಾಗುತ್ತೆ, ಆಗ್ಲಿ. ಡೆಸ್ಕಿನವರು ಕ್ರಾಪ್ ಮಾಡ್ತಾರೆ ಅನ್ನೋದೂ ಗೊತ್ತು, ಅದಕ್ಕೇ ನಾನು ಕೊಂಬೆ ಹಿಡಿದೋನ ತಲೆ ಮೇಲೇ ಸರಿಯಾಗಿ ಬಕೆಟ್ ಬರೋ ಹಂಗೆ ನಿಂತ್ಕೋತೀನಿ, ಒಂದನ್ನ ಕತ್ತರಿಸಿದ್ರೆ ಇನ್ನೊಂದೂ ಹೋಗ್ಬೇಕು. ಕ್ಯಾಪ್ಷನ್ನಲ್ಲಿ ವಲಯದ ಹೆಸರು, ತಾರೀಖು, ಮನುಷ್ಯ ಒಪ್ಪಿದ್ರೆ ಹೆಸರು, ಮೂರೂ ಹಾಕಿ. ‘ಅರಣ್ಯ ಸಿಬ್ಬಂದಿ’ ಅಂತ ಒಂದೇ ಪದದಲ್ಲಿ ಮುಗಿಸ್ಬೇಡಿ.

ಆ ಚಪ್ಪಲಿ ವಾಚರ್‌ಗೆ ಆಮೇಲೆ ಪ್ರಿಂಟ್ ಕೊಡಕ್ಕೆ ಹೋಗಿದ್ದೆ, ಮಳೆ ಬಿದ್ದು ಕಾಡು ಹಸಿರಾದ ಮೇಲೆ. ಅವನ ಫೋಟೋ, ಬೆವರು ಬೂದಿ ಮೆತ್ತಿದ ಮುಖ, ಹಿಂದೆ ಜ್ವಾಲೆ, ನನ್ನ ಪ್ರಕಾರ ಅವತ್ತಿನ ಒಳ್ಳೇ ಫೋಟೋ ಅದೇ, ದೊಡ್ಡ ಸೈಜಲ್ಲಿ ಲ್ಯಾಮಿನೇಷನ್ ಮಾಡಿಸಿದ್ದೆ. ಜೊತೆಗೆ ಇರ್ಲಿ ಅಂತ ಹೆಲಿಕಾಪ್ಟರ್‌ದೂ ಒಂದು ಚಿಕ್ಕ ಪ್ರಿಂಟ್. ಅವನು ದೊಡ್ಡದನ್ನ ಒಂದ್ಸಲ ನೋಡಿ ಹೆಂಡತಿ ಕೈಗೆ ಕೊಟ್ಟ, ಆಕೆ ಅದನ್ನ ಟ್ರಂಕಲ್ಲಿ ಬಟ್ಟೆ ಕೆಳಗೆ ಇಟ್ರು. ಚಿಕ್ಕದನ್ನ ಎತ್ಕೊಂಡೋಗಿ ಗೋಡೆ ಮೇಲೆ ಮಾದಪ್ಪನ ಕ್ಯಾಲೆಂಡರ್ ಪಕ್ಕ ಅಂಟಿಸಿದ. ಯಾಕಯ್ಯಾ, ನಿಂದು ಹಾಕ್ಕೊಳಲ್ವಾ ಅಂದ್ರೆ, ‘ನನ್ ಮಕ ನಾನ್ ನೋಡಿಲ್ವಾ ಸಾ’ ಅಂದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಹೆಲಿಕಾಪ್ಟರ್‌ನ ಇನ್ನೊಂದ್ಸಲ ನೋಡಿ, ‘ಚೆನ್ನಾಗದ. ಆದ್ರ ಓಡ್ಸೋನ್ ಮಕ ಕಾಣಲ್ವಲ್ಲ ಸಾ, ಒಸಿ ಹತ್ರುಕ್ ಹೋಗಿ ತೆಗೀಬೇಕಿತ್ತು’ ಅಂದ.